ಆಶ್ರಯ ಕೇಂದ್ರದಿಂದ ಹುಬ್ಬಳ್ಳಿಯ ನಮ್ಮ ಮನೆಗೆ ತಂದ ಬೆಕ್ಕು ಎಲ್ಲರನ್ನೂ ಪರಚುತ್ತಿದೆ. ಏನು ಮಾಡಲಿ?

ಅದನ್ನು ಒಂದೇ ಕೋಣೆಯಲ್ಲಿ ಇರಲು ಬಿಡಿ. ಅದಾಗಿಯೇ ಹತ್ತಿರ ಬರುವವರೆಗೆ ಮುಟ್ಟಬೇಡಿ. ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ, ಹೆದರಿಕೆ ಇದೆ. ಬೆಕ್ಕು ತನ್ನ ಜಾಗವನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಹೊಸ ಮನೆಯಲ್ಲಿ ಅದರ ವಾಸನೆ ಎಲ್ಲೂ ಇಲ್ಲ, ತಪ್ಪಿಸಿಕೊಳ್ಳುವ ದಾರಿಯೂ ಗೊತ್ತಿಲ್ಲ. ಹಾಗಾಗಿ ಉಗುರು ಹೊರಗೆ ಚಾಚಿ ಪರಚುತ್ತದೆ. ಗೋಡೆಗೆ, ಬಾಗಿಲಿಗೆ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿದ ಮೇಲೆ ಧೈರ್ಯ ಬರುತ್ತದೆ.

ಪಡಸಾಲೆಯ ಗದ್ದಲದಿಂದ ದೂರದ ಕೋಣೆ ಒಳ್ಳೆಯದು. ಅಡಗಲು ಒಂದು ರಟ್ಟಿನ ಡಬ್ಬಿ, ಊಟ, ನೀರು, ದೂರದ ಮೂಲೆಯಲ್ಲಿ ಮಲಮೂತ್ರಕ್ಕೆ ಮರಳಿನ ಟ್ರೇ ಇಡಿ. ಆಶ್ರಯ ಕೇಂದ್ರದಲ್ಲಿ ಅದು ಮಲಗುತ್ತಿದ್ದ ಬಟ್ಟೆ ಸಿಕ್ಕರೆ ತೊಳೆಯದೆ ಹಾಸಿ. ನೀವು ನೆಲದ ಮೇಲೆ ಸುಮ್ನೆ ಕೂತಿರಿ, ದಿಟ್ಟಿಸಿ ನೋಡಬೇಡಿ. ಬಾಲ ಬಡಿದರೆ, ಕಿವಿ ಹಿಂದಕ್ಕೆ ಮಡಚಿದರೆ ನಿಧಾನಕ್ಕೆ ಎದ್ದು ಹೋಗಿ. ದಯವಿಟ್ಟು ಹೊಡೆಯಬೇಡಿ, ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ. ಹೊಸ ಮನೆಗೆ ಹೊಂದಿಕೊಳ್ಳಲು ಕೆಲವು ಬೆಕ್ಕುಗಳಿಗೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು.

ಮೈಯ ಒಂದು ಜಾಗ ಮುಟ್ಟಿದಾಗ ಮಾತ್ರ ಕಚ್ಚಿದರೆ ಅಲ್ಲಿ ನೋವಿರಬಹುದು, ಪಶುವೈದ್ಯರಿಗೆ ತೋರಿಸಿ. ಯಾರಿಗಾದರೂ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ.