‘ಅವ್ವಾ, ಹೊರಗ ಹೋಗು’ ಅಂತಾನೆ ಮಗ

ಬ್ಯಾಡಗಿ ತಾಲೂಕಿನ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹದಿನಾರರ ಮಗ ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ‘ನೀರು ಕುಡಿ ಅಂದ್ರ ಕುಡಿಯಂಗಿಲ್ರಿ. ಮೂತ್ರ ತೆಗ್ಯಾಕ ಪೈಪ್ ಹಾಕಾಕ ಹೋದ್ರ, ಅವ್ವಾ ಹೊರಗ ಹೋಗು ಅಂತ ಒದರತಾನ. ಇಡೀ ದಿನ ಮೊಬೈಲ್ ಹಿಡಕೊಂಡ ಕುಂದರತಾನ. ಮೊದಲಿನ ಮಗ ನನಗ ಸಿಗತಾನೇನ್ರಿ?’

ಅಕ್ಕಾ,

ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟದ್ದು ಆ ಒದರಾಟವೇ. ಮೀಸೆ ಚಿಗುರುವ ವಯಸ್ಸಿನ ಹುಡುಗ. ಅವ್ವನ ಎದುರು ಬಟ್ಟೆ ಬಿಚ್ಚಿ ಮಲಗಬೇಕು ಅಂದರೆ ಎಂಥ ಸಂಕಟ, ಅಲ್ವಾ? ತನ್ನ ಮೈಯನ್ನು ತಾನೇ ನೋಡಿಕೊಳ್ಳುತ್ತೇನೆ ಅಂತ ಕೇಳುತ್ತಿದ್ದಾನೆ. ಬಿಟ್ಟುಕೊಡಿ.

ನೀರು ಬೇಡ ಅನ್ನುವುದಕ್ಕೂ ಇದೇ ಕಾರಣ ಇರಬಹುದು. ಕುಡಿದಷ್ಟೂ ಪೈಪ್ ಹಾಕಬೇಕು, ಹಾಕುವವರು ನೀವು. ಆದರೆ ನೀರು ಕಡಿಮೆಯಾಗಿ ಮೂತ್ರ ಒಳಗೇ ನಿಂತರೆ ಸೋಂಕು, ಜ್ವರ, ಕಡೆಗೆ ಕಿಡ್ನಿಗೂ ತೊಂದರೆ. ಅವನ ಎರಡೂ ಕೈ ಗಟ್ಟಿಯಿವೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ ಪೈಪ್ ಹಾಕುವುದಿರುತ್ತದೆ. ಇವನಿಗಿಂತ ಚಿಕ್ಕ ಮಕ್ಕಳೂ ಅದನ್ನು ಕಲಿಯುತ್ತಾರೆ. ಆಸ್ಪತ್ರೆಯಲ್ಲಿ ಕಲಿಸಲು ಕೇಳಿ. ಕಲಿಸುವಾಗ ನೀವು ಹೊರಗಿನ ಬೆಂಚಿನ ಮೇಲೆ ಕೂತಿರಿ. ಮನೆಯಲ್ಲಿ ಸೋಪು, ನೀರು, ಪೈಪ್, ಕನ್ನಡಿ ಅವನ ಕೈಗೆಟುಕುವಂತಿಡಿ. ಬಾಗಿಲಿಗೆ ಪರದೆಯಾದರೂ ಇರಲಿ. ಹೊಟ್ಟೆ ಖಾಲಿ ಮಾಡುವುದಕ್ಕೂ ಒಂದೇ ಹೊತ್ತು ಗೊತ್ತು ಮಾಡಿಕೊಂಡರೆ ನಡುವೆ ಮುಜುಗರ ಆಗುವುದು ಕಡಿಮೆ.

ಚರ್ಮದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಮೊಬೈಲ್ ನೋಡುತ್ತಾ ಎರಡು ತಾಸು ಅಲ್ಲಾಡದೆ ಕೂತರೂ ಅವನಿಗೆ ನೋವೇ ಗೊತ್ತಾಗುವುದಿಲ್ಲ. ಹುಣ್ಣು ಶುರುವಾಗುವುದು ಹಾಗೇ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಗಾಲಿಕುರ್ಚಿಯ ಕೈಗಳ ಮೇಲೆ ಭಾರ ಹಾಕಿ ಮೇಲೇಳಬೇಕು. ಅಥವಾ ಎದೆ ಮೊಣಕಾಲಿಗೆ ತಾಗುವಂತೆ ಮುಂದೆ ಬಾಗಿ ಒಂದೆರಡು ನಿಮಿಷ ಇರಬೇಕು. ಅದೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಲಿ. ಮಲಗುವ ಮುಂಚೆ ಕನ್ನಡಿ ಹಿಡಿದು ಹಿಂದೆ ನೋಡಿಕೊಳ್ಳಲಿ. ಕೆಂಪಾದ ಜಾಗ ಮಾಯದಿದ್ದರೆ ಅದರ ಮೇಲೆ ಕೂರಬಾರದು, ವೈದ್ಯರಿಗೆ ತೋರಿಸಬೇಕು. ಬಿಸಿ ಚಹಾ, ಬಿಸಿ ತಾಟು ತೊಡೆಯ ಮೇಲೆ ಇಡಬಾರದು. ಸುಟ್ಟರೂ ತಿಳಿಯುವುದಿಲ್ಲ.

ಇದನ್ನು ಓದುವ ಬೇರೆ ಮನೆಯವರಿಗೂ ಒಂದು ಮಾತು. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಬೆವರಿದರೆ ಅದು ಅಪಾಯ. ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ. ತಕ್ಷಣ ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ಮದುವೆ, ಮಕ್ಕಳು ಅಂತೆಲ್ಲ ಅವನ ತಲೆಯಲ್ಲಿ ಓಡುತ್ತಿರುತ್ತದೆ, ನಿಮ್ಮನ್ನು ಕೇಳುವುದಿಲ್ಲ. ವೈದ್ಯರ ಜೊತೆ ಹತ್ತು ನಿಮಿಷ ಒಬ್ಬನೇ ಮಾತಾಡಲಿ.

ಮೊಬೈಲ್ ಕಸಿಯಬೇಡಿ, ಗೆಳೆಯರು ಈಗ ಅದರಲ್ಲೇ ಇದ್ದಾರೆ. ‘ಪಾಪ’ ಅನ್ನುವ ನೆಂಟರಿಗೆ ಮಾತ್ರ ಅವನೆದುರು ಹಾಗನ್ನಬೇಡಿ ಅಂತ ನೇರ ಹೇಳಿಬಿಡಿ. ಊಟ, ನಿದ್ದೆ ಬಿಟ್ಟರೆ, ಬದುಕು ಬೇಡ ಅಂದರೆ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಸಿಗುತ್ತದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹೋಗಿ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕಿವೆ.

ಕಾಲಿಗೆ ಬಲ ಬರುತ್ತದಾ ಅನ್ನುವುದು ಹುರಿಗೆ ಎಷ್ಟು ಪೆಟ್ಟಾಗಿದೆ ಅನ್ನುವುದರ ಮೇಲಿದೆ. ಅದನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಆದರೆ ಮರ ಹತ್ತುತ್ತಿದ್ದವನ ಹಠ ಎಲ್ಲೂ ಹೋಗಿಲ್ಲ ಅಕ್ಕಾ. ಆ ಒದರಾಟದಲ್ಲಿ ಕೇಳಿಸುತ್ತಿದೆ.

ಪಿಯುಸಿ ತರಗತಿ ಮಹಡಿಯ ಮೇಲಿದೆ, ಅದಕ್ಕೇ ಬಿಡಿಸಬೇಕೆಂದಿದ್ದೀರಿ. ಬಿಡಿಸಬೇಡಿ. ಇಂಥ ಮಕ್ಕಳು ಓಡಾಡುವಂತೆ ಕಟ್ಟಡವನ್ನು ಅಣಿಗೊಳಿಸಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ತರಗತಿ ಕೆಳಗೆ ಬೇಕು, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸಬೇಕು ಅಂತ ಪ್ರಾಚಾರ್ಯರಿಗೆ ಈಗಲೇ ಅರ್ಜಿ ಕೊಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಜೊತೆಗಿರಲಿ. ಅರ್ಜಿಯನ್ನು ಅವನೇ ಬರೆದು ಸಹಿ ಮಾಡಲಿ.