ಓದುಗರ ಪ್ರಶ್ನೆಗೆ ಉತ್ತರ: ನಲವತ್ತು ಸಾವಿರದೊಳಗಿನ ಇ-ಸೈಕಲ್, ಕೆಲಸಕ್ಕೂ ಚಕ್ಕಡಿ ದಾರಿಗೂ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ಯಾಟರಿ ಸೈಕಲ್ಲಿನ ಬಗ್ಗೆಯೇ ಇದ್ದವು. ಒಂದೇ ತರಹದ ಪ್ರಶ್ನೆಗಳನ್ನು ಒಂದುಗೂಡಿಸಿ ಉತ್ತರಿಸಿದ್ದೇವೆ.

ನವನಗರ, ಹುಬ್ಬಳ್ಳಿ: ಕೆಲಸ ಧಾರವಾಡದಾಗ ಐತ್ರಿ, ಹೋಗಿ ಬರೋದು ಸೇರಿ ದಿನಾ 24 ಕಿ.ಮೀ. ರವಿವಾರ ನೃಪತುಂಗ ಬೆಟ್ಟದ ಏರು, ಕೆಲಗೇರಿ ಕಡೆ ಚಕ್ಕಡಿ ದಾರಿ ಅಂತ ಅಡ್ಡಾಡತೀನಿ. 40 ಸಾವಿರ ದಾಟಬಾರದು. ಒಂದು ಅಂಗಡ್ಯಾಗ ‘ಒಂದು ಚಾರ್ಜಿಗೆ 60 ಕಿ.ಮೀ.’ ಅಂತಾರ, ಇನ್ನೊಂದರಾಗ ದಪ್ಪ ಗಾಲಿದು ತೋರಸ್ತಾರ. ಯಾವದು ತಗೊಳ್ಳಲಿ?

ಕಂಪನಿ ಹೆಸರು ಆಮೇಲಾಯಿತು. ಮೊದಲು ಬ್ಯಾಟರಿಯ ಮೇಲೆ ಅಂಟಿಸಿದ ಚೀಟಿ ಓದಿ. ಅದರಲ್ಲಿ ವೋಲ್ಟ್ ಮತ್ತು ಆಂಪಿಯರ್ ಅವರ್ ಎಂಬ ಎರಡು ಅಂಕಿಗಳಿರುತ್ತವೆ. ಎರಡನ್ನೂ ಗುಣಿಸಿದರೆ ಬರುವುದು ವಾಟ್ ಅವರ್. ಬ್ಯಾಟರಿ ಎಂಬ ಟ್ಯಾಂಕ್ ಎಷ್ಟು ಲೀಟರಿನದು ಎಂದು ತಿಳಿಯುವುದು ಇದರಿಂದಲೇ. 36 ವೋಲ್ಟ್, 7.8 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಸುಮಾರು 280 ವಾಟ್ ಅವರ್. ಅಸಿಸ್ಟ್ ಅಂದರೆ ತುಳಿತಕ್ಕೆ ಮೋಟಾರ್ ಕೊಡುವ ನೆರವು. ಪೆಡಲ್ ತುಳಿಯುತ್ತ ಮಧ್ಯಮ ಅಸಿಸ್ಟ್‌ನಲ್ಲಿ ಹೋದರೆ ಕಿಲೋಮೀಟರಿಗೆ 8ರಿಂದ 10 ವಾಟ್ ಅವರ್ ಖರ್ಚಾಗುತ್ತದೆ. ತುಳಿಯದೆ ಥ್ರಾಟಲ್ ಒಂದರಲ್ಲೇ ಹೋದರೆ 13ರಿಂದ 16. ಅಂಗಡಿಯವರು ಹೇಳುವ 60 ಕಿ.ಮೀ. ಸಿಗುವುದು ಹಗುರ ಸವಾರ, ಸಪಾಟು ರಸ್ತೆ, ಎಲ್ಲಕ್ಕಿಂತ ಕಡಿಮೆ ಅಸಿಸ್ಟ್, ಗಾಳಿಯಿಲ್ಲದ ದಿನ ಇವೆಲ್ಲ ಕೂಡಿ ಬಂದಾಗ ಮಾತ್ರ.

ನಿಮ್ಮ ದಾರಿ ಹಾಗಿಲ್ಲ. ಹುಬ್ಬಳ್ಳಿಗಿಂತ ಧಾರವಾಡ ಎತ್ತರದ ಊರು, ಬೆಳಿಗ್ಗೆ ಹೋಗುವಾಗಲೇ ಏರು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಮುಖಕ್ಕೇ ಹೊಡೆಯುತ್ತದೆ. ಆದ್ದರಿಂದ ಕಿಲೋಮೀಟರಿಗೆ 10 ಹಿಡಿದು 240 ವಾಟ್ ಅವರ್ ಅನ್ನಿ. ಮೂರು ವರ್ಷದಲ್ಲಿ ಬ್ಯಾಟರಿ ನಾಲ್ಕನೇ ಒಂದು ಪಾಲು ಶಕ್ತಿ ಕಳೆದುಕೊಂಡರೂ ಮನೆ ಮುಟ್ಟಬೇಕು, ಆ ಲೆಕ್ಕಕ್ಕೆ 320. ತಳ ಕಾಣುವವರೆಗೆ ಖಾಲಿ ಮಾಡಬಾರದು, ಅದಕ್ಕೆ ಹತ್ತನೇ ಒಂದು ಪಾಲು ಮೀಸಲಿಟ್ಟರೆ 355ರ ಆಸುಪಾಸು. ಹೀಗಾಗಿ 36 ವೋಲ್ಟ್, 10 ಆಂಪಿಯರ್ ಅವರ್‌ಗಿಂತ ಚಿಕ್ಕ ಬ್ಯಾಟರಿ ನಿಮಗೆ ಬೇಡ. ಕೆಲಸದ ಜಾಗದಲ್ಲಿ ಚಾರ್ಜ್ ಹಾಕಲು ಬಿಡುತ್ತಾರೆ ಎಂದಾದರೆ 280ರದೂ ಸಾಕು, ಆದರೆ ಬ್ಯಾಟರಿ ಕಳಚಿ ಒಳಗೆ ಒಯ್ಯುವಂತಿರಲಿ. ಕರೆಂಟ್ ಖರ್ಚಿನ ಚಿಂತೆ ಬೇಡ: ಚಾರ್ಜರಿನಲ್ಲಿ ಪೋಲಾಗುವುದನ್ನೂ ಸೇರಿಸಿ ದಿನಕ್ಕೆ 0.3 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಎರಡು ರೂಪಾಯಿ ಚಿಲ್ಲರೆ.

ಇನ್ನು ಏರು. ನಿಮ್ಮ ತೂಕ, ಸೈಕಲ್, ಚೀಲ ಸೇರಿ 100 ಕಿಲೋ ಎಂದುಕೊಳ್ಳಿ. ನೂರು ಮೀಟರಿಗೆ 8 ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 10 ಕಿ.ಮೀ. ವೇಗಕ್ಕೆ ಸುಮಾರು 260 ವಾಟ್ ಬೇಕು. 250 ವಾಟ್ ಮೋಟಾರ್ ಇದೆಯಲ್ಲ, ಹೆಚ್ಚುಕಡಿಮೆ ಸಾಕಾಯಿತು ಅನ್ನಿಸಬಹುದು. ಸಾಲದು. ಹಿಂದಿನ ಗಾಲಿಯಲ್ಲಿರುವ ಹಬ್ ಮೋಟಾರ್ ನಿಧಾನಕ್ಕೆ ತಿರುಗುವಾಗ ಎಳೆದುಕೊಂಡ ಕರೆಂಟಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಉಳಿದದ್ದನ್ನು ನಿಮ್ಮ ಕಾಲು ಕೊಡಬೇಕು, ಕಾಲಿಗೆ ತಕ್ಕ ಗೇರ್ ಇರಬೇಕು. ಅಗ್ಗದ ಇ-ಸೈಕಲ್ಲುಗಳಲ್ಲಿ ಮುಂದೆ 42 ಹಲ್ಲಿನ ಚಕ್ರ, ಹಿಂದೆ ಅತಿ ದೊಡ್ಡದೆಂದರೆ 28 ಹಲ್ಲು. 27.5 ಇಂಚಿನ ಗಾಲಿಗೆ ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ 12 ಕಿ.ಮೀ. ಆಗುತ್ತದೆ. ಅದಕ್ಕಿಂತ ನಿಧಾನವಾದರೆ ಮೊಣಕಾಲಿಗೆ ಹೊಡೆತ. ಹಿಂದೆ 34 ಹಲ್ಲಿನ ಫ್ರೀವೀಲ್ ಇದ್ದರೆ ಅದೇ ತುಳಿತಕ್ಕೆ 10 ಕಿ.ಮೀ. ಕೇಳಲು ಅಲ್ಪ, ನೃಪತುಂಗ ಬೆಟ್ಟದ ಮೇಲೆ ಅದೇ ದೊಡ್ಡದು. 14-34ರ ಏಳು ಗೇರ್ ಫ್ರೀವೀಲ್ ಬಿಡಿಯಾಗಿ ಸಿಗುತ್ತದೆ. ಹಾಕಿಸುವ ಮುಂಚೆ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ 34 ಹಲ್ಲು ಮುಟ್ಟುತ್ತದೆಯೇ ಕೇಳಿ. ಮೋಟಾರ್ ಆಕ್ಸಲ್ ದಪ್ಪ ಇರುವುದರಿಂದ ಮಾಮೂಲಿ ಫ್ರೀವೀಲ್ ಬಿಚ್ಚುವ ಟೂಲ್ ಅದರ ಮೇಲೆ ಕೂಡದೇ ಇರಬಹುದು. ದೊಡ್ಡ ತೂತಿನ ಟೂಲ್ ಇರುವ ಮೆಕ್ಯಾನಿಕ್ ಹತ್ತಿರವೇ ಹೋಗಿ.

ಮೋಟಾರ್ ಒಳಗೆ ಗೇರ್ ಇರುವ ‘ಗಿಯರ್ಡ್ ಹಬ್’ ತೆಗೆದುಕೊಳ್ಳಿ. ಟಾರ್ಕ್, ಅಂದರೆ ಗಾಲಿ ತಿರುಗಿಸುವ ಬಲ, 35ರಿಂದ 40 ನ್ಯೂಟನ್ ಮೀಟರ್ ಇರಲಿ. ಒಳಗೆ ಗೇರ್ ಇಲ್ಲದ ಭಾರದ ಹಬ್ ಸಪಾಟಿಗೆ ಚೆಂದ, ಏರಿನಲ್ಲಿ ಬೇಗ ಕಾಯುತ್ತದೆ. ಬ್ಯಾಟರಿ ಮುಗಿದ ದಿನ ತುಳಿಯುವಾಗಲೂ ಅದು ಹಿಂದಕ್ಕೆ ಎಳೆಯುತ್ತದೆ. ಪೆಡಲ್ ನಡುವೆ ಕೂರುವ ಮಿಡ್ ಡ್ರೈವ್ ಬೆಟ್ಟಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ನಿಮ್ಮ ಬಜೆಟ್ಟಿಗೆ ಸಿಗುವುದಿಲ್ಲ.

ದಪ್ಪ ಗಾಲಿ ಬೇಡ. 4 ಇಂಚಿನ ಟೈರಿನ ಸೈಕಲ್ 28-30 ಕಿಲೋ ತೂಗುತ್ತದೆ, ಡಾಂಬರಿನ ಮೇಲೆ ಬ್ಯಾಟರಿ ತಿನ್ನುತ್ತದೆ, ಟ್ಯೂಬ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಗರಸಿನ ದಾರಿಗೆ 27.5 ಇಂಚು, 2.1 ಅಥವಾ 2.2 ಅಗಲದ ಟೈರ್ ಸಾಕು. ವಾರದ ದಿನಗಳಲ್ಲಿ 40-45 ಪಿ.ಎಸ್.ಐ. ಗಾಳಿ, ರವಿವಾರ ಹೊಲದ ದಾರಿಗೆ 30ಕ್ಕೆ ಇಳಿಸಿ. ಈ ಒಂದು ಕೆಲಸ ಅಗ್ಗದ ಸಸ್ಪೆನ್ಷನ್ ಫೋರ್ಕ್‌ಗಿಂತ ಹೆಚ್ಚು ಮೆತ್ತಗೆ ಮಾಡುತ್ತದೆ.

ಬ್ರೇಕ್ ಎರಡೂ ಗಾಲಿಗೆ ಡಿಸ್ಕ್ ಇರಲೇಬೇಕು, 160 ಮಿ.ಮೀ. ರೋಟರ್ (ಡಿಸ್ಕಿನ ತಟ್ಟೆ). ಈ ಬೆಲೆಗೆ ಸಿಗುವುದು ಕೇಬಲ್ಲಿನ ಡಿಸ್ಕ್, ನಡೆಯುತ್ತದೆ. ಹೊಸ ಕೇಬಲ್ ಮೊದಲ ವಾರದಲ್ಲೇ ಹಿಗ್ಗಿ ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಸಡಿಲಾಗುತ್ತದೆ. ಲಿವರ್ ಬುಡದ ತಿರುಪನ್ನು ಹೊರಕ್ಕೆ ತಿರುಗಿಸಿ ಕೇಬಲ್ ಬಿಗಿ ಮಾಡುವುದನ್ನು ಅಂಗಡಿಯಲ್ಲೇ ಕಲಿತುಕೊಳ್ಳಿ. ಬ್ರೇಕ್ ಒತ್ತಿದೊಡನೆ ಮೋಟಾರ್ ನಿಲ್ಲುವ ಕಟ್-ಆಫ್ ಇದೆಯೇ ಎಂದು ಗಾಲಿ ಎತ್ತಿ ಪರೀಕ್ಷಿಸಿ.

ಹೀರೊ ಲೆಕ್ಟ್ರೊ, ಇಮೋಟೊರ‍್ಯಾಡ್, ಸ್ಟ್ರೈಡರ್ ಮೊದಲಾದವರ ಮಾಡೆಲ್‌ಗಳು ನಿಮ್ಮ ಬಜೆಟ್ಟಿನ ಒಳಗೂ ಅಂಚಿನಲ್ಲೂ ಸಿಗುತ್ತವೆ. ಒಂದೇ ಕಂಪನಿಯದೇ ಎರಡು ಮಾಡೆಲ್‌ನಲ್ಲಿ ಬ್ಯಾಟರಿ ಬೇರೆ ಬೇರೆ ಇರುತ್ತದೆ, ಹಾಗಾಗಿ ಚೀಟಿಯನ್ನೇ ನಂಬಿ. ದುಡ್ಡು ಕೊಡುವ ಮುಂಚೆ ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ: ಹೊಸ ಬ್ಯಾಟರಿ ಇವತ್ತು ಎಷ್ಟಕ್ಕೆ ಕೊಡುತ್ತೀರಿ? ಮೋಟಾರಿಗೆ ಕರೆಂಟ್ ಹಂಚುವ ಕಂಟ್ರೋಲರ್ ಕೆಟ್ಟರೆ ಹುಬ್ಬಳ್ಳಿಯಲ್ಲೇ ಬದಲಿಸುತ್ತೀರೋ, ಬೇರೆ ಊರಿಗೆ ಕಳಿಸುತ್ತೀರೋ? ಉತ್ತರ ತಡವರಿಸಿದರೆ ಪಕ್ಕದ ಅಂಗಡಿ ನೋಡಿ.

ಗದಗ: ಕಪ್ಪತಗುಡ್ಡದ ಕಡೆ ಹೊಡಿಬೇಕಂತ ತಗೊಂಡೀನ್ರಿ. ಡೋಣಿ ದಾಟಿದ ಮ್ಯಾಲೆ ವಾರಕ್ಕ ಎರಡು ಪಂಕ್ಚರ್. ಹಿಂದಿನ ಗಾಲಿ ಬಿಚ್ಚಲಿಕ್ಕೆ ಪಂಕ್ಚರ್ ಅಂಗಡಿಯವರು ಒಲ್ಲೆ ಅಂತಾರ.

ಅವರು ಒಲ್ಲೆ ಅನ್ನುವುದು ಸರಿಯೇ. ಮೋಟಾರ್ ಗಾಲಿಯನ್ನು ತಪ್ಪಾಗಿ ಕೂಡಿಸಿದರೆ ಆಕ್ಸಲ್ ತನ್ನಷ್ಟಕ್ಕೆ ತಿರುಗಿ ವೈರ್ ಕತ್ತರಿಸಿ ಹೋಗುತ್ತದೆ. ಆದರೆ ಪಂಕ್ಚರಿಗೆ ಗಾಲಿ ಬಿಚ್ಚಬೇಕಿಲ್ಲ. ಸೈಕಲ್ ಮಲಗಿಸಿ, ಬ್ಯಾಟರಿ ತೆಗೆದಿಡಿ. ಟೈರಿನ ಒಂದು ಬದಿಯನ್ನು ಮಾತ್ರ ಲಿವರಿನಿಂದ ಎಬ್ಬಿಸಿ. ಮುಳ್ಳು ಚುಚ್ಚಿದ ಕಡೆ ಒಂದು ಗೇಣು ಟ್ಯೂಬ್ ಹೊರಗೆಳೆದು ಅಲ್ಲೇ ಉಜ್ಜಿ ಪ್ಯಾಚ್ ಹಾಕಿ. ಒಳಗಿನಿಂದ ಟೈರ್ ಸವರಿ ನೋಡದೆ ಮುಚ್ಚಬೇಡಿ. ಜಾಲಿಮುಳ್ಳು ಟೈರಿನೊಳಗೇ ಮುರಿದು ಉಳಿದು ಹತ್ತು ನಿಮಿಷದಲ್ಲಿ ಮತ್ತೆ ಚುಚ್ಚುತ್ತದೆ. ನಿಮ್ಮ ‘ವಾರಕ್ಕೆ ಎರಡು’ ಪಂಕ್ಚರಿನಲ್ಲಿ ಒಂದು ಇದೇ ಇರಬೇಕು.

ಟ್ಯೂಬನ್ನೇ ಬದಲಿಸುವಾಗ ಗಾಲಿ ಬಿಚ್ಚಲೇಬೇಕು. ಹೆಚ್ಚಿನ ಹಬ್ ಮೋಟಾರುಗಳಿಗೆ 18ರ ಪಾನಾ ಬೇಕು. ಮೊದಲು ಮೋಟಾರ್ ವೈರಿನ ಜೋಡಣೆಯನ್ನು ನೇರಕ್ಕೆ ಎಳೆದು ಬಿಡಿಸಿ, ತಿರುವಬೇಡಿ, ಒಳಗಿನ ಪಿನ್ ಬಾಗುತ್ತವೆ. ಕೂಡಿಸುವಾಗ ಬಾಣದ ಗುರುತು ಎದುರುಬದುರು ಬರಬೇಕು. ನಟ್ಟಿನ ಕೆಳಗೆ ಕೊಂಡಿ ಇರುವ ವಾಷರ್ ಇರುತ್ತದೆ, ಆ ಕೊಂಡಿ ಫ್ರೇಮಿನ ಸೀಳಿನೊಳಗೆ ಕೂರಬೇಕು. ಆಕ್ಸಲ್ ತಿರುಗದಂತೆ ಹಿಡಿಯುವುದೇ ಅದು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡೂ ಬದಿಯ ಫೋಟೊ ತೆಗೆದುಕೊಂಡರೆ ಗೊಂದಲ ಇರುವುದಿಲ್ಲ. ನಟ್ 40 ನ್ಯೂಟನ್ ಮೀಟರ್ ಬಿಗಿ ಇರಲಿ.

ಮುಳ್ಳಿನ ದಾರಿಗೆ ಟೈರ್ ಮತ್ತು ಟ್ಯೂಬಿನ ನಡುವೆ ಪಂಕ್ಚರ್ ಪಟ್ಟಿ, ಟ್ಯೂಬಿನೊಳಗೆ ಸೀಲೆಂಟ್, ಎರಡೂ ಹಾಕಿಸಿ. ಕಾರಿನದರಂತಹ ವಾಲ್ವ್ ಇದ್ದರೆ ವಾಲ್ವಿನ ಒಳಸೂಜಿ ಬಿಚ್ಚಿ ಗಾಲಿಗೆ 100 ಮಿ.ಲೀ. ತುಂಬಬಹುದು.

ಇನ್ನೊಂದು ಮಾತು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಒಳಗಿನ ಕಾಲುದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೋಟಾರ್ ಸದ್ದು ಮಾಡುವುದಿಲ್ಲ ಎಂದ ಮಾತ್ರಕ್ಕೆ ಸುಮ್ಮನೆ ನುಗ್ಗಬಾರದು. ಸದ್ದಿಲ್ಲದೆ ಬರುವ ಗಾಲಿಗೆ ಪ್ರಾಣಿಗಳು ಇನ್ನೂ ಹೆಚ್ಚು ಬೆಚ್ಚುತ್ತವೆ. ಗುಡ್ಡದ ಸುತ್ತಲಿನ ಊರುಗಳ ನಡುವಿನ ಗರಸಿನ ರಸ್ತೆಗಳೇ ಸಾಕಷ್ಟಿವೆ.

ಬ್ಯಾಡಗಿ: ಮಳಿ ಆದ ಮರುದಿನ ಹೊಲದ ದಾರ್ಯಾಗ ಗಾಲಿ ಸಿಕ್ಕೊಂತು. ಥ್ರಾಟಲ್ ತಿರುವಿದೆ, ಸುಟ್ಟ ವಾಸನಿ ಬಂತು. ಈಗ ಮೋಟಾರ್ ಗರಗರ ಅಂತೈತಿ, ಹೊಂಡೂದಿಲ್ಲ.

ಎರೆಮಣ್ಣಿನ ಕೆಲಸ ಇದು. ಹಸಿ ಎರೆ ಟೈರಿಗೆ ಪದರಪದರವಾಗಿ ಮೆತ್ತಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗುತ್ತದೆ, ಗಾಲಿ ನಿಲ್ಲುತ್ತದೆ. ನಿಂತ ಮೋಟಾರಿಗೆ ಥ್ರಾಟಲ್ ಕೊಟ್ಟರೆ ಕಂಟ್ರೋಲರ್ ತನ್ನ ಪೂರ್ತಿ ಕರೆಂಟ್, ಅಂದರೆ 12ರಿಂದ 15 ಆಂಪಿಯರ್, ಒಂದೇ ಸುರುಳಿಗೆ ಹರಿಸುತ್ತದೆ. ತಿರುಗದಿದ್ದರೆ ಅದೆಲ್ಲ ಶಾಖವೇ.

ಮೊದಲು ಮೋಟಾರ್ ವೈರಿನ ಜೋಡಣೆ ಬಿಡಿಸಿ ಒಳಗೆ ನೀರು, ಮಣ್ಣು ಇದೆಯೇ ನೋಡಿ. ಒಣಬಟ್ಟೆಯಿಂದ ಒರೆಸಿ, ಒಂದು ದಿನ ನೆರಳಲ್ಲಿ ಆರಿಸಿ, ಮತ್ತೆ ಕೂಡಿಸಿ. ಮೋಟಾರ್ ಎಲ್ಲಿ ತಿರುಗಿದೆ ಎಂದು ತಿಳಿಸುವ ಹಾಲ್ ಸೆನ್ಸರಿನ ಸಂಕೇತ ನೀರಿನಿಂದ ತಪ್ಪಿದ್ದರೆ ಗರಗರ ಇಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಗಾಲಿ ಎತ್ತಿ ಹಿಮ್ಮುಖ ತಿರುಗಿಸಿ. ಗಿಯರ್ಡ್ ಹಬ್ ಹಿಮ್ಮುಖದಲ್ಲಿ ಸ್ವಲ್ಪ ಬಿಗಿಯಾಗಿ, ಆದರೆ ನಯವಾಗಿ ತಿರುಗಬೇಕು. ತಡೆತಡೆದು ತಿರುಗಿದರೆ ಕಂಟ್ರೋಲರ್ ಒಳಗೆ ಶಾರ್ಟ್ ಆಗಿದೆಯೋ ಮೋಟಾರಿನ ಸುರುಳಿ ಸುಟ್ಟಿದೆಯೋ ಎಂದು ವೈರ್ ಕಳಚಿಯೂ ಕೂಡಿಸಿಯೂ ತಿರುಗಿಸಿ ಹೋಲಿಸಿ. ಕಳಚಿದಾಗ ನಯ, ಕೂಡಿಸಿದಾಗ ಬಿಗಿ ಅಂದರೆ ಕಂಟ್ರೋಲರ್. ಎರಡೂ ಸಲ ಬಿಗಿ ಅಂದರೆ ಮೋಟಾರ್. ಕಂಟ್ರೋಲರ್ ಆಗಿದ್ದರೆ ಖರ್ಚು ಸಣ್ಣದು.

ಎರೆಹೊಲದ ದಾರಿಗೆ ಮಳೆಯಾದ ಮೇಲೆ ಎರಡು ಬಿಸಿಲು ಹೋಗಲಿ. ಮಸಾರಿ ನೆಲ ಅಷ್ಟು ಕಾಯಿಸುವುದಿಲ್ಲ. ಸಿಕ್ಕಿಬಿದ್ದರೆ ಥ್ರಾಟಲ್ ಮುಟ್ಟಬೇಡಿ, ಇಳಿದು ಕಡ್ಡಿಯಿಂದ ಮಣ್ಣು ಕೆದರಿ. ಮನೆಗೆ ಬಂದು ಬಕೆಟ್ ನೀರು, ಬಟ್ಟೆಯಿಂದ ತೊಳೆಯಿರಿ. ವಾಟರ್ ಸರ್ವಿಸ್ ಗನ್ ಹಬ್ಬಿನ ಸೀಲ್ ದಾಟಿ ನೀರು ನುಗ್ಗಿಸುತ್ತದೆ.

ಸಪ್ತಾಪುರ, ಧಾರವಾಡ: ಮಗನಿಗೆ 16 ವರ್ಷ. ಲೈಸೆನ್ಸ್ ಬೇಕೇ? ವೇಗದ ಮಿತಿ ತೆಗೆದುಕೊಡುತ್ತೇವೆ ಎಂದು ಅಂಗಡಿಯವರು ಹೇಳಿದ್ದಾರೆ.

ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ. ಒಳಗೆ ಇದ್ದು, ಮಾಡೆಲ್‌ಗೆ ವಾಹನ ಪರೀಕ್ಷಿಸುವ ಎ.ಆರ್.ಎ.ಐ. ಅಥವಾ ಐಕ್ಯಾಟ್‌ನಂತಹ ಸಂಸ್ಥೆಯ ಅನುಮೋದನೆ ಇದ್ದರೆ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್, ನೋಂದಣಿ, ವಿಮೆ ಬೇಡ. ಅನುಮೋದನೆ ಪತ್ರದ ಪ್ರತಿ ಕೇಳಿ ಪಡೆಯಿರಿ. ಮಿತಿ ತೆಗೆಸಿದ ಕ್ಷಣದಿಂದ ಈ ವಿನಾಯಿತಿ ಇಲ್ಲ. ನಿಮ್ಮ ಮಗ ಲೈಸೆನ್ಸ್ ಇಲ್ಲದೆ, ನೋಂದಣಿ ಇಲ್ಲದ ಮೋಟಾರು ವಾಹನ ಓಡಿಸಿದಂತಾಗುತ್ತದೆ. ಮೇಲಾಗಿ ಆ ಸೈಕಲ್ಲಿನ ಬ್ರೇಕ್, ಕಡ್ಡಿ, ಫೋರ್ಕ್ 25ಕ್ಕೆಂದು ಮಾಡಿದವು. ದಯವಿಟ್ಟು ತೆಗೆಸಬೇಡಿ. ಹೆಲ್ಮೆಟ್ ಕಾನೂನು ಕೇಳದಿದ್ದರೂ ಕೊಡಿಸಿ.

ಹಾವೇರಿ: ಹಳೆ ಗೇರ್ ಸೈಕಲ್‌ಗೆ ಮೋಟಾರ್-ಬ್ಯಾಟರಿ ಕಿಟ್ ಹಾಕಿಸಿದರ ಅಗ್ಗ ಆಗತೈತೇನ್ರಿ?

ಸೈಕಲ್ ಗಟ್ಟಿ ಇದ್ದರೆ ಆಗುತ್ತದೆ. ಮುಂದಿನ ಗಾಲಿಯ ಕಿಟ್ ಹಾಕಿಸುವುದು ಸುಲಭ, ಆದರೆ ನಿಮ್ಮದು ಅಲ್ಯೂಮಿನಿಯಂ ಸಸ್ಪೆನ್ಷನ್ ಫೋರ್ಕ್ ಆಗಿದ್ದರೆ ಖಂಡಿತ ಬೇಡ. ಆಕ್ಸಲ್ ಕೂರುವ ಸೀಳು ಒಡೆದು ಓಡುವಾಗಲೇ ಗಾಲಿ ಕಳಚಿ ಬೀಳುತ್ತದೆ. ಹಿಂದಿನ ಗಾಲಿಯ ಕಿಟ್ ಹಾಕಿಸಿ. ಅದಕ್ಕೆ ಫ್ರೇಮಿನ ಹಿಂಬದಿಯ ಎರಡು ಕಾಲುಗಳ ನಡುವೆ 135 ಮಿ.ಮೀ. ಜಾಗ ಇರಬೇಕು, ಸ್ಕೇಲ್ ಹಿಡಿದು ಅಳೆಯಿರಿ. ಆಕ್ಸಲ್ ಹಿಡಿಯುವ ಟಾರ್ಕ್ ಆರ್ಮ್ ಪಟ್ಟಿ ಕೇಳಿ ಹಾಕಿಸಿ. ಬ್ಯಾಟರಿ ಕ್ಯಾರಿಯರ್ ಮೇಲೆ ಬೇಡ, ಬಾಟಲಿ ಕೂರುವ ಜಾಗದಲ್ಲಿರಲಿ. ಮೊದಲ 150 ಕಿ.ಮೀ. ಆದ ಮೇಲೆ ಹಿಂದಿನ ಗಾಲಿಯ ಕಡ್ಡಿಗಳನ್ನೆಲ್ಲ ಬಿಗಿ ಮಾಡಿಸಿ. ಮೋಟಾರ್ ಎಳೆತಕ್ಕೆ ಅವು ಸಡಿಲಾಗುತ್ತವೆ, ಒಂದು ಮುರಿದರೆ ಪಕ್ಕದ್ದೂ ಮುರಿಯುತ್ತದೆ.

ಉಣಕಲ್, ಹುಬ್ಬಳ್ಳಿ: ಡಿಸ್‌ಪ್ಲೇದಾಗ ಎರಡು ಗೆರಿ ಇರತಾವ, ಏರಿನ್ಯಾಗ ಪಟ್ ಅಂತ ಬಂದ್ ಆಗತೈತಿ.

ಎಳೆತ ಬಿದ್ದಾಗ ವೋಲ್ಟೇಜ್ ಕುಸಿದು, ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್ ಆದ ಬಿ.ಎಂ.ಎಸ್. ಕರೆಂಟ್ ಕಡಿತ ಮಾಡುತ್ತಿದೆ. 36 ವೋಲ್ಟ್ ಲಿಥಿಯಂ ಬ್ಯಾಟರಿ ತುಂಬಿದಾಗ 42 ವೋಲ್ಟ್, ಕಡಿತ 30-31ರ ಹತ್ತಿರ. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಒಂದು ತಾಸು ಬಿಟ್ಟು ವೋಲ್ಟ್ ಮೀಟರಿನಲ್ಲಿ ಅಳೆಯಿರಿ. 41ಕ್ಕಿಂತ ಕಡಿಮೆ ತೋರಿಸಿದರೆ ಯಾವುದೋ ಸೆಲ್ ಗುಂಪು ಹಿಂದೆ ಬಿದ್ದಿದೆ ಅಥವಾ ಚಾರ್ಜರೇ ಕಡಿಮೆ ಕೊಡುತ್ತಿದೆ. ಚಾರ್ಜರಿನ ತುದಿಯಲ್ಲೂ ಅಳೆದು ನೋಡಿ, ಅಲ್ಲಿ 42 ಬಂದರೆ ದೋಷ ಬ್ಯಾಟರಿಯದು. ಗ್ಯಾರಂಟಿ ಇದ್ದರೆ ಈ ಅಂಕಿಗಳನ್ನು ಬರೆದುಕೊಂಡೇ ಹೋಗಿ. ಪ್ಯಾಕ್ ನೀವೇ ಬಿಚ್ಚಬೇಡಿ.

ಏಪ್ರಿಲ್-ಮೇ ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕುವ ಅಭ್ಯಾಸ ಇದ್ದರೆ ಬಿಡಿ, ಮುಟ್ಟಿದರೆ ತಣ್ಣಗನ್ನಿಸುವವರೆಗೆ ಅರ್ಧ-ಮುಕ್ಕಾಲು ತಾಸು ಕಾಯಿರಿ. ಹೊಸ ಬ್ಯಾಟರಿ ಬರುವವರೆಗೆ ಏರಿನಲ್ಲಿ ಅಸಿಸ್ಟ್ ಒಂದಕ್ಕೆ ಇಳಿಸಿ, ಸಣ್ಣ ಗೇರಿನಲ್ಲಿ ತುಳಿಯುತ್ತ ಹೋದರೆ ಕಡಿತವಿಲ್ಲದೆ ಮೇಲೆ ಮುಟ್ಟುತ್ತೀರಿ.