ಆ್ಯಂಡ್ರಾಯ್ಡ್ ಆ್ಯಪ್‌ನಲ್ಲಿ ಜೋಗದ ಫೋಟೊ ಹಾಕಿದರೆ ಕ್ರ್ಯಾಶ್ ಆಗುತ್ತದೆ. ಫೈಲ್ ಬರೀ 4 ಎಂಬಿ, ಏಕೆ ಹೀಗೆ?

ಫೋಟೊ ತಪ್ಪು ಫೋಲ್ಡರ್‌ನಲ್ಲಿರಬೇಕು. ಅದನ್ನು ಆ್ಯಪ್‌ನ ಚಿತ್ರಗಳನ್ನಿಡುವ 'ಡ್ರಾಯಬಲ್' ಫೋಲ್ಡರ್‌ನಿಂದ 'ಡ್ರಾಯಬಲ್-ನೋಡಿಪಿಐ'ಗೆ (drawable-nodpi) ಹಾಕಿ ನೋಡಿ.

ಜೆಪೆಗ್ ಅಂದರೆ ಒತ್ತಿ ಕಟ್ಟಿದ ಗಂಟು. ತೋರಿಸುವಾಗ ಪೂರ್ತಿ ಬಿಚ್ಚಲೇಬೇಕು. 4000×3000 ಫೋಟೊದಲ್ಲಿ 1.2 ಕೋಟಿ ಪಿಕ್ಸೆಲ್, ಒಂದೊಂದಕ್ಕೂ 4 ಬೈಟ್. ಅಲ್ಲಿಗೇ 48 ಎಂಬಿ ಆಯ್ತಲ್ವಾ? 'ಡ್ರಾಯಬಲ್'ನಲ್ಲಿರುವ ಚಿತ್ರ ಕಡಿಮೆ ಸಾಂದ್ರತೆಯ ಪರದೆಗೆ ಮಾಡಿದ್ದು ಅಂತ ಆ್ಯಂಡ್ರಾಯ್ಡ್ ತಿಳಿಯುತ್ತದೆ. ಹಾಗಾಗಿ 480 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಸಾಂದ್ರತೆಯ ಅಳತೆ) ಫೋನಿನಲ್ಲಿ ಉದ್ದ, ಅಗಲ ಎರಡನ್ನೂ ಮೂರು ಪಟ್ಟು ಹಿಗ್ಗಿಸುತ್ತದೆ. 48 ಹೋಗಿ 432 ಎಂಬಿ! 'ನೋಡಿಪಿಐ'ನಲ್ಲಿಟ್ಟರೆ ಹೀಗೆ ಹಿಗ್ಗಿಸುವುದಿಲ್ಲ.

ಲಾಗ್‌ಕ್ಯಾಟ್‌ನಲ್ಲಿ (ಆ್ಯಪ್‌ನ ದೋಷ ಸಂದೇಶಗಳು ಕಾಣುವ ಕಡೆ) 'ಟ್ರೈಯಿಂಗ್ ಟು ಡ್ರಾ ಟೂ ಲಾರ್ಜ್ ಬಿಟ್‌ಮ್ಯಾಪ್' ಅಂತ ಕಂಡರೆ ಇದೇ ಕಾರಣ. ನಾನಾದರೆ ಫೋಟೊವನ್ನೂ 1080 ಪಿಕ್ಸೆಲ್ ಅಗಲಕ್ಕೆ ಇಳಿಸುತ್ತೇನೆ. ಆಗುಂಬೆ, ಕೊಡಚಾದ್ರಿ ಅಂತ ಸಾಲಾಗಿ ಫೋಟೊ ಬರುವುದಿದ್ದರೆ ಚಿತ್ರ ತೋರಿಸಲೆಂದೇ ಇರುವ ಗ್ಲೈಡ್ ಲೈಬ್ರರಿ ಬಳಸಿ, ಅಳತೆಯನ್ನು ಅದೇ ನೋಡಿಕೊಳ್ಳುತ್ತದೆ. ಸುಮ್ನೆ 'ಲಾರ್ಜ್‌ಹೀಪ್' (ಆ್ಯಪ್‌ಗೆ ಹೆಚ್ಚು ಮೆಮೊರಿ ಕೇಳುವ ಸೆಟ್ಟಿಂಗ್) ಆನ್ ಮಾಡಿದರೆ ಈ ಕ್ರ್ಯಾಶ್ ನಿಲ್ಲುವುದಿಲ್ಲ.